ಕಣಜ ನೂರಕ್ಕೆ ಅರವತ್ತೆರಡು

ಶನಿವಾರ ಬೆಳಿಗ್ಗೆ ಹತ್ತಕ್ಕೇ ಬಂದು ಜಯಶೀಲಾ ಕಂಪ್ಯೂಟರ್ ಮಿಷನ್ನುಗಳ ಮೇಲಿನ ಹಿಟ್ಟು ಒರೆಸುತ್ತಿದ್ದಳು. ಹಿಟ್ಟೆಂದರೆ ಹಿಟ್ಟೇ, ರಾಗಿ ಹಿಟ್ಟು. ಬನಶಂಕರಿ ಎರಡನೇ ಹಂತದ ಆ ಮನೆಯಲ್ಲಿ ಕೆಳಗೆ ಗಿರಣಿ, ಮೇಲೆ ಶ್ರವಣ ಗ್ರಂಥಾಲಯ. ಗಿರಣಿ ಓಡಲು ಶುರುವಾದರೆ ಮೇಲಿನ ನೆಲ ಸಣ್ಣಗೆ ನಡುಗುತ್ತದೆ. ಕಿಟಕಿ ಎಷ್ಟು ಭದ್ರವಾಗಿ ಮುಚ್ಚಿದರೂ ಧೂಳು ಒಳಗೆ ಬಂದು ಹಕ್ಕಿನಿಂದ ಕೂರುತ್ತದೆ. ಇಪ್ಪತ್ತು ವರ್ಷದಿಂದ ಅವಳು ಒರೆಸುತ್ತಿದ್ದಾಳೆ. ಮನೆಯ ಪೂಜೆ ಮುಗಿಸಿ ಬಂದವಳಿಗೆ ಅದು ಪೂಜೆಯದೇ ಇನ್ನೊಂದು ಭಾಗವಿದ್ದ ಹಾಗೆ.

ಕಣ್ಣು ಕಾಣದವರು ಫೋನ್ ಮಾಡಿ ಪುಸ್ತಕ ಕೇಳುವ ಜಾಗ ಅದು. ಒಂದು ನಂಬರಿಗೆ ಕರೆ ಮಾಡಬೇಕು, ಬೇಕಾದ ಪುಸ್ತಕದ ಸಂಖ್ಯೆ ಒತ್ತಬೇಕು, ಕಿವಿಗಿಟ್ಟುಕೊಂಡು ಕೂರಬೇಕು. ವಚನ ಇದೆ, ಗಮಕ ಇದೆ, ಕಾದಂಬರಿ ಇದೆ, ಮನೆಮದ್ದಿನ ಪುಸ್ತಕವೂ ಇದೆ. ಓದಿ ಧ್ವನಿ ಕೊಟ್ಟವರು ಸುತ್ತಮುತ್ತಲಿನವರೇ: ಜಯನಗರದ ಮೇಷ್ಟರು, ಜರಗನಹಳ್ಳಿಯ ಭಜನೆ ಮಂಡಳಿಯ ಹೆಂಗಸರು, ಬ್ಯಾಂಕು ಬಿಟ್ಟು ಬಂದವರು. ಈ ಎಲ್ಲ ದನಿಗಳನ್ನೂ ಹೊತ್ತುಕೊಂಡಿರುವುದು ನಾಲ್ಕು ಲಿನಕ್ಸ್ ಮಿಷನ್ನು. ಆ ನಾಲ್ಕನ್ನೂ ನೋಡಿಕೊಳ್ಳುವವಳು ಜಯಶೀಲಾ ಒಬ್ಬಳೇ.

ಒಬ್ಬಳೇ ಎಷ್ಟು ದಿನ ಅಂತ ಬಿಟಿಎಂ ಲೇಔಟಿನ ಒಂದು ಕಂಪನಿಯವರು ನೆರವಿಗೆ ಬಂದಿದ್ದರು. ನಾಲ್ಕನ್ನೂ ಒಂದೇ ಪರದೆಯಲ್ಲಿ ತೋರಿಸುವ ಸರ್ವರ್ ನಿರ್ವಹಣೆಯ ಸಾಫ್ಟ್‌ವೇರ್ ಹಾಕಿಕೊಡುತ್ತೇವೆ, ಯಾವುದಕ್ಕೆ ಸುಸ್ತು, ಯಾವುದಕ್ಕೆ ಜಾಗ ಸಾಲದು, ಎಲ್ಲ ಮೊಬೈಲಲ್ಲೇ ಗೊತ್ತಾಗುತ್ತದೆ ಅಂದಿದ್ದರು. ಅದಕ್ಕಾಗಿ ಇವತ್ತು ಫೋನ್ ಸೇವೆ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಬಂದ್ ಎಂದು ವಾರದಿಂದ ಸಾರಿದ್ದಾಗಿತ್ತು.

ಬಂದವಳು ಮೇಘಶ್ರೀ. ಮೂವತ್ತೈದರ ಆಸುಪಾಸು, ಚುರುಕು, ಕೈಯಲ್ಲಿ ಲ್ಯಾಪ್‌ಟಾಪು, ಹೆಗಲಲ್ಲಿ ಊಟದ ಡಬ್ಬಿಯ ಚೀಲ. ಕೂತವಳೇ ಲ್ಯಾಪ್‌ಟಾಪಿನಿಂದ ಆಜ್ಞೆಯ ಒಂದು ಉದ್ದನೆ ಸಾಲು ಎತ್ತಿ ಅಂಟಿಸಿದಳು, ಎಂಟರ್ ಒತ್ತಿದಳು. ಪರದೆಯ ಮೇಲೆ ಅಕ್ಷರಗಳು ಜಲಪಾತದ ಹಾಗೆ ಸುರಿದು ನಿಂತವು.

"ಒಂದಾಯ್ತು ಮೇಡಂ."

"ಆಗೇ ಹೋಯ್ತಾ?"

"ಅಷ್ಟೇ. ಸಖತ್ ಸಿಂಪಲ್."

ಊಟದ ಹೊತ್ತಿಗೆ ಮೂರು ಮಿಷನ್ನು ಮುಗಿದಿದ್ದವು. ಕೆಲಸ ಸಲೀಸಾಗಿ ಆದದ್ದಕ್ಕೆ ಜಯಶೀಲಾಳಿಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಬೀಗರು ಬಂದು ನೀರೂ ಕುಡಿಯದೆ ಎದ್ದು ಹೋದ ಹಾಗೆ ಅನ್ನಿಸಿತು. ಈ ಕೋಣೆಯಲ್ಲಿ ಕೆಲಸ ಆಗುತ್ತಿದ್ದ ರೀತಿಯೇ ಬೇರೆ ಇತ್ತು.

ಆ ರೀತಿ ಕಟ್ಟಿದವರು ಉಗ್ರಪ್ಪನವರು. ಗೊಟ್ಟಿಗೆರೆಯವರು. ಹತ್ತೊಂಬತ್ತನೇ ವಯಸ್ಸಿಗೆ ಕಾಯಿಲೆಯಲ್ಲಿ ಎರಡೂ ಕಣ್ಣು ಹೋದವು. ಒಂದು ಸರಕಾರಿ ಕಚೇರಿಯಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದುಕೊಂಡು, ಸಂಜೆ ಹೊತ್ತು ಇಲ್ಲಿಗೆ ಬಂದು, ಕಿವಿಯಿಂದಲೇ ಕಂಪ್ಯೂಟರ್ ಕಲಿತವರು. ಫೋನಲ್ಲಿ ಪುಸ್ತಕ ಕೇಳಿಸುವ ಏರ್ಪಾಡೆಲ್ಲ ಅವರ ತಲೆಯದು. ಜಯಶೀಲಾ ಆಗ ಬಿಲ್ಲು, ಕಾಗದ ಟೈಪ್ ಮಾಡಲು ಸೇರಿದ್ದ ಹೆಂಗಸು, ಬಾಯಿ ಬಿಟ್ಟು ನಾಲ್ಕು ಮಾತಾಡಿದವಳಲ್ಲ. ಅವಳ ಅಪ್ಪ ಪ್ರತಿ ಬೆಳಿಗ್ಗೆ ವಿಭೂತಿ ಧರಿಸಿ ವಚನ ಹೇಳುವಾಗ ಬಾಗಿಲ ಪಕ್ಕ ಕೂತು ಕೇಳುವುದೇ ಅವಳ ಬಾಲ್ಯವಾಗಿತ್ತು. ಅದೇ ಅದೇ ಐದಾರು ವಚನ. ಒಂದು ದಿನವೂ ಬೇಜಾರಾಗಿರಲಿಲ್ಲ. ಅದನ್ನು ಒಮ್ಮೆ ಉಗ್ರಪ್ಪನವರಿಗೆ ಹೇಳಿದ್ದಳು. "ಕೇಳೋಕೆ ಬರುತ್ತೆ ಅಂದ್ಮೇಲೆ ಓದೋಕೂ ಬರುತ್ತೆ, ಕೂತ್ಕೋ" ಅಂದಿದ್ದರು.

ಕೂತಳು. ಗಮಕದಲ್ಲಿ ಒಬ್ಬರು ಪದ್ಯ ಓದುತ್ತಾರೆ, ಪಕ್ಕದಲ್ಲಿ ಕೂತವರು ಅರ್ಥ ಹೇಳುತ್ತಾರಲ್ಲ, ಹಾಗೆಯೇ ನಡೆಯಿತು ಇಲ್ಲಿನ ಕೆಲಸ. ಅವಳು ಸಾಲು ಟೈಪ್ ಮಾಡಿ ಗಟ್ಟಿಯಾಗಿ ಓದಬೇಕು, ಚುಕ್ಕೆ, ಗೆರೆ, ಖಾಲಿ ಜಾಗ ಒಂದನ್ನೂ ಬಿಡದೆ. ಅವರು ಕಣ್ಣು ಮುಚ್ಚಿ ಕೇಳಿ ಅರ್ಥ ಹೇಳಬೇಕು. ಅರ್ಥವಾದ ಮೇಲೆಯೇ ಎಂಟರ್. ಅವರ ಅರ್ಥಗಳೋ ಅವರಂತೆಯೇ. ಸೂಡೂ ಎಂಬ ಆಜ್ಞೆಯೆಂದರೆ "ಯಜಮಾನರ ಅಪ್ಪಣೆ ಇದೆ". ಗ್ರೆಪ್ ಅಂದರೆ "ಅಕ್ಕಿಯೊಳಗೆ ಕಲ್ಲು ಆರಿಸು". ಹಾರ್ಡ್ ಡಿಸ್ಕು ಕಣಜ. ಮಿಷನ್ನಿನ ಮೇಲೆ ಬಿದ್ದ ಕೆಲಸ ಹೊರೆ. ಮಿಷನ್ನು ಆರದೆ ಓಡಿದ ದಿನಗಳು ಎಚ್ಚರ. ಹದಿನಾಲ್ಕು ವರ್ಷ ಹೀಗೆ ಓದು, ಅರ್ಥ, ಓದು, ಅರ್ಥ. ಒಂದು ಸಾಲಿಗೆ ಅರ್ಧ ಗಂಟೆ ಹಿಡಿದದ್ದೂ ಉಂಟು. ಆದರೆ ಓದದೆ ಒತ್ತಿದ್ದು ಒಂದೂ ಇಲ್ಲ.

ಆಮೇಲೆ ಲಾಕ್‌ಡೌನ್ ಬಂತು. ಬಸ್ಸು ನಿಂತವು. "ಎಲ್ಲ ಸರಿಹೋದ್ಮೇಲೆ ನಾನೇ ಫೋನ್ ಮಾಡಿ ಕರೆಸ್ಕೊಳ್ತೀನಿ ಸಾರ್" ಅಂದಿದ್ದಳು. ಎಲ್ಲ ಸರಿಹೋಗುವ ಹೊತ್ತಿಗೆ ಒಬ್ಬಳೇ ಮಾಡುವುದು ರೂಢಿಯಾಗಿತ್ತು. ಅವರಿಗೆ ವಯಸ್ಸಾಯಿತು, ಬನ್ನೇರುಘಟ್ಟ ರಸ್ತೆಯ ತುಂಬ ಮೆಟ್ರೋ ಗುಂಡಿ, ಯಾಕೆ ತೊಂದರೆ ಕೊಡುವುದು ಅಂದುಕೊಂಡಳು. ಒಂದು ತಿಂಗಳು ಎರಡಾಯಿತು. ವರ್ಷವಾದ ಮೇಲೆ, ಇಷ್ಟು ದಿನ ಮಾಡಲಿಲ್ಲವಲ್ಲ ಎನ್ನುವ ನಾಚಿಕೆಯೇ ಫೋನ್ ಮಾಡದಿರಲು ಕಾರಣವಾಯಿತು.

ನಾಲ್ಕನೆಯದು ಫೋನಿನ ಮಿಷನ್ನು. ಮೇಘಶ್ರೀ ಅದಕ್ಕೆ ಕೈ ಹಚ್ಚುವ ಮೊದಲು ಕರೆಗಳ ಪಟ್ಟಿ ತೆಗೆದು ನೋಡಿದಳು.

"ಮೇಡಂ, ನೂರ ಎಂಟು ಯಾವ ಬುಕ್ಕು? ನೂರ ಏಳು ಇದೆ, ನೂರ ಒಂಬತ್ತು ಇದೆ. ಕ್ಯಾಟಲಾಗಲ್ಲಿ ನೂರ ಎಂಟು ಇಲ್ಲ."

"ಅದಾ? ಅದು ಹಳೇದು. ಈಗ ಯಾರೂ ಕೇಳಲ್ಲ ಬಿಡಿ."

"ಯಾರೋ ಕೇಳ್ತಿದಾರೆ. ದಿನಾ. ಬೆಳಗಿನ ಜಾವ ಐದು ನಲವತ್ತು, ಇವತ್ತೂ ಇದೆ ನೋಡಿ. ಒಂದೇ ನಂಬರ್."

ಜಯಶೀಲಾ ಬಗ್ಗಿ ನೋಡಿದಳು. ಆ ನಂಬರು ಓದಬೇಕಾಗಿರಲಿಲ್ಲ, ಬಾಯಿಗೇ ಬರುತ್ತಿತ್ತು. ಪಕ್ಕದ ಕುರ್ಚಿ ಎಳೆದುಕೊಂಡು ಕೂತಳು.

ನೂರ ಎಂಟು ಪುಸ್ತಕವಲ್ಲ, ಮಿಷನ್ನಿನ ಕ್ಷೇಮಸಮಾಚಾರ. ಪುಸ್ತಕಗಳು ನೂರ ಏಳಾದಾಗ ಉಗ್ರಪ್ಪನವರು ಮುಂದಿನ ಸಂಖ್ಯೆಯನ್ನು ತಮಗೆಂದು ಇಟ್ಟುಕೊಂಡರು. ಕಣ್ಣಿದ್ದವರು ಪರದೆ ನೋಡುತ್ತಾರೆ, ನಾನೇನು ನೋಡಲಿ, ಮಿಷನ್ನೇ ನನಗೆ ಹೇಳಲಿ ಅಂತ. ಸೊನ್ನೆಯಿಂದ ಸಾವಿರದವರೆಗೆ ಬೇಕಾಗುವ ಅಂಕಿಯ ಮಾತುಗಳನ್ನೆಲ್ಲ ಜಯಶೀಲಾಳಿಂದ ಓದಿಸಿ ಧ್ವನಿ ಹಿಡಿದಿದ್ದರು. ಬರೀ ಓದಿದರೆ ಆಗದು, ಸ್ವಲ್ಪ ಎಳೆದು, ಪದ್ಯ ಹೇಳುವ ಧಾಟಿಯಲ್ಲಿ. ಬೆಳಿಗ್ಗೆ ಎದ್ದು ಕೇಳುವುದು ಸರಕಾರಿ ಕಚೇರಿಯ ಹಾಗೆ ಇರಬಾರದು ಅಂದಿದ್ದರು. ಎರಡು ದಿನ ಗಿರಣಿಯವರನ್ನು ಮಧ್ಯಾಹ್ನ ಗಿರಣಿ ನಿಲ್ಲಿಸಲು ಕೇಳಿಕೊಂಡು ಮಾಡಿದ ಕೆಲಸ. ನಗು ಬಂದು ಎಷ್ಟೋ ಸಲ ಅರವತ್ತರ ಹತ್ತಿರ ತಪ್ಪಿದ್ದಳು.

"ಕೇಳೋಣ್ವಾ?" ಎಂದು ಮೇಘಶ್ರೀ ಮಿಷನ್ನಿನಲ್ಲೇ ಆ ಸಂಖ್ಯೆ ಒತ್ತಿ ಸ್ಪೀಕರಿಗೆ ಹಾಕಿದಳು.

ಕೋಣೆಯಲ್ಲಿ ಒಂದು ಎಳೆಯ ದನಿ ಎದ್ದಿತು. "ಕಣಜ ನೂರಕ್ಕೆ ಅರವತ್ತೆರಡು. ಹೊರೆ ಹಗುರ. ಎಚ್ಚರ ಮುನ್ನೂರ ಹನ್ನೊಂದು ದಿನ. ಎಲ್ಲ ಕ್ಷೇಮ."

"ಅಯ್ಯೋ, ಇದು ನೀವಾ ಮೇಡಂ? ಎಷ್ಟು ಚೆನ್ನಾಗಿದೆ!" ಮೇಘಶ್ರೀ ನಕ್ಕಳು. ಆಮೇಲೆ ತನ್ನ ಪರದೆ ನೋಡಿ ಹುಬ್ಬು ಗಂಟಿಕ್ಕಿದಳು. "ಆದ್ರೆ ಇದು ತಪ್ಪು. ಕಣಜ ಅಂದ್ರೆ ಡಿಸ್ಕಲ್ವಾ? ಎಪ್ಪತ್ತೊಂಬತ್ತು ಆಗಿದೆ. ಎಚ್ಚರ ಅಂದ್ರೆ ಓಡ್ತಿರೋ ದಿನ ತಾನೆ? ಏಳುನೂರು ದಾಟಿದೆ."

ಜಯಶೀಲಾಳಿಗೆ ಆಗ ನೆನಪಾಯಿತು. ಎರಡು ವರ್ಷದ ಹಿಂದೆ ಈ ಮಿಷನ್ನಿನ ಡಿಸ್ಕು ಕೆಟ್ಟು ಹೊಸದು ಹಾಕಿಸಿದ್ದಳು. ಪುಸ್ತಕಗಳನ್ನೆಲ್ಲ ಹುಷಾರಾಗಿ ಇಳಿಸಿಕೊಂಡಿದ್ದಳು. ದಿನಾ ಅಂಕಿ ಎಣಿಸಿ ಬರೆದಿಡುತ್ತಿದ್ದ ಉಗ್ರಪ್ಪನವರ ಚಿಕ್ಕ ಪ್ರೋಗ್ರಾಮನ್ನು ಮಾತ್ರ ಮತ್ತೆ ಶುರು ಮಾಡಿರಲಿಲ್ಲ. ಯಾರು ಕೇಳುತ್ತಾರೆ ಅಂದುಕೊಂಡಿದ್ದಳು. ಹಳೇ ಡಿಸ್ಕಿನ ಕೊನೇ ದಿನದ ಅಂಕಿಗಳೇ ಹಾಗೇ ಉಳಿದಿದ್ದವು. ಎರಡು ವರ್ಷದಿಂದ ಅವಳ ದನಿ ಒಬ್ಬ ಕಣ್ಣಿಲ್ಲದ ಮನುಷ್ಯನಿಗೆ ಪ್ರತಿ ಬೆಳಿಗ್ಗೆ ಸುಳ್ಳು ಹೇಳುತ್ತಿತ್ತು.

"ಇದನ್ನ ಹಾಕಿದ್ರೆ ನೂರ ಎಂಟು ಏನಾಗುತ್ತೆ?"

"ಹೊಸ ಸಾಫ್ಟ್‌ವೇರ್ ಕ್ಯಾಟಲಾಗ್ ನೋಡಿ ನಂಬರ್ ಪಟ್ಟಿ ತಾನೇ ಬರ್ಕೊಳ್ಳುತ್ತೆ ಮೇಡಂ. ಅದ್ರಲ್ಲಿ ಇಲ್ಲದ್ದು ಹೋಗುತ್ತೆ."

ಮೇಘಶ್ರೀಯ ಕೈ ಆಗಲೇ ಸಾಲು ಅಂಟಿಸಿತ್ತು. "ಒಂದ್ನಿಮಿಷ ಇರಿ" ಎಂದು ಜಯಶೀಲಾ ಫೋನ್ ತೆಗೆದಳು. ಐದು ವರ್ಷ ಮಾಡದ ಕರೆ. ಅದಕ್ಕೆ ಹಿಡಿದದ್ದು ಹತ್ತು ಗುಂಡಿ ಒತ್ತುವಷ್ಟು ಹೊತ್ತು.

ಎತ್ತಿದವರು ಕೆಂಪಕ್ಕ, ಉಗ್ರಪ್ಪನವರ ಅಕ್ಕ. ಎಪ್ಪತ್ತು ದಾಟಿದ್ದರೂ ಬಾಯಿಗೆ ವಯಸ್ಸಾಗಿರಲಿಲ್ಲ.

"ಯಾರು? ಜಯಶೀಲನಾ? ಬನಶಂಕರಿ ಜಯಶೀಲನಾ? ಓಹೋ! ನಾವಿನ್ನೂ ಇದೀವಿ ಅಂತ ಯಾರಮ್ಮ ಹೇಳಿದ್ದು ನಿನಗೆ?"

"ತಪ್ಪಾಯ್ತು ಕೆಂಪಕ್ಕ."

"ತಪ್ಪಾದ್ರೆ ಮನೆಗೆ ಬಂದು ಹೇಳ್ಬೇಕು, ಫೋನಲ್ಲಲ್ಲ. ಲೋ ಉಗ್ರ! ನಿನ್ನ ಓದೋಳು ಫೋನ್ ಮಾಡವ್ಳೆ!"

ಕೋಲಿನ ಸದ್ದು, ಕುರ್ಚಿ ಎಳೆದ ಸದ್ದು. ಆಮೇಲೆ ಆ ದನಿ, ತುಸು ತೆಳುವಾಗಿತ್ತು. "ಹೇಳಮ್ಮ."

ನೂರ ಎಂಟರ ಮಾತನ್ನು ಅವಳು ಎತ್ತಲಿಲ್ಲ. "ಸಾರ್, ಫೋನ್ ಮಿಷನ್ನಿಗೆ ಹೊಸ ಸಾಫ್ಟ್‌ವೇರ್ ಹಾಕ್ತಾ ಇದೀವಿ. ನೀವಿದ್ರೆ ಒಳ್ಳೇದು ಅನ್ನಿಸ್ತು" ಅಂದಳು.

ಫೋನನ್ನು ಇನ್ನೊಂದು ಕಿವಿಗೆ ಬದಲಾಯಿಸಿದ ಸದ್ದು ಬಂತು. ಆಮೇಲೆ, "ಸರಿ, ಓದು."

ಜಯಶೀಲಾ ಫೋನನ್ನು ಸ್ಪೀಕರಿಗೆ ಹಾಕಿ, ಪರದೆಯ ಮೇಲಿನ ಉದ್ದನೆ ಸಾಲನ್ನು ಓದಿದಳು. ಚುಕ್ಕೆ, ಗೆರೆ, ಖಾಲಿ ಜಾಗ. ಮೊದಮೊದಲು ಅಲ್ಲಲ್ಲಿ ತಡವರಿಸಿದಳು, ಅರ್ಧಕ್ಕೆ ಬರುವಾಗ ಹಳೇ ಧಾಟಿ ತಾನಾಗಿ ಸಿಕ್ಕಿತು. ಮೇಘಶ್ರೀ ಕೆನ್ನೆಗೆ ಕೈಯಿಟ್ಟು ನೋಡುತ್ತಿದ್ದಳು.

"ಇದೇನಮ್ಮ ಇದು?" ಉಗ್ರಪ್ಪ ಅಂದರು. "ಎಲ್ಲಿಂದ್ಲೋ ಒಂದು ಕಾಗದ ತರಿಸಿ, ಓದದೇ ಯಜಮಾನರ ರುಜು ಹಾಕಿ, ಜಾರಿಗೆ ತರೋದಾ? ಕಣ್ಣಿಲ್ಲದೋನು ನಾನಾ ನೀವಾ?"

ಮೇಘಶ್ರೀ ಮುಂದೆ ಬಾಗಿದಳು. "ಸಾರ್, ನಾನು ಮೇಘಶ್ರೀ ಅಂತ, ಕಂಪನಿಯಿಂದ. ಎಲ್ರೂ ಹೀಗೇ ಹಾಕೋದು ಸಾರ್. ಆ ಸ್ಕ್ರಿಪ್ಟು ಸಾವಿರದ ಒಂಬೈನೂರು ಸಾಲಿದೆ."

"ಎಲ್ರೂ ಹಾಕ್ತಾರೆ ಅಂದ್ರೆ ಅದು ಅರ್ಥ ಅಲ್ಲಮ್ಮ, ಸಂತೆ. ಮೊದ್ಲು ಅದನ್ನ ಇಳಿಸ್ಕೊಳ್ಳಿ. ಓಡಿಸ್ಬೇಡಿ. ಅಷ್ಟೂ ಓದೋದು ಬೇಡ. ಅಳಿಸು ಅನ್ನೋ ಮಾತು ಎಲ್ಲೆಲ್ಲಿದೆ, ಅಷ್ಟು ಕಲ್ಲು ಆರಿಸಿ ಕೊಡಿ ಸಾಕು."

ಮೇಘಶ್ರೀ ಬೇಸರಿಸದೆ ಇಳಿಸಿಕೊಂಡಳು, ಹುಡುಕಿದಳು. "ಹನ್ನೊಂದು ಕಡೆ ಇದೆ ಸಾರ್."

ಜಯಶೀಲಾ ಒಂದೊಂದೇ ಓದಿದಳು. ಮೊದಲ ನಾಲ್ಕು ತನ್ನದೇ ತಾತ್ಕಾಲಿಕ ಕಡತ ಅಳಿಸುವವು. "ಉಂಡೆಲೆ ತಾನೇ ಎತ್ತುತ್ತೆ, ಸಂಸ್ಕಾರವಂತ, ಮುಂದೆ" ಅಂದರು. ಐದನೆಯದಕ್ಕೆ ಅವರಿಗೆ ಗೊತ್ತಿಲ್ಲದ ಹೊಸ ಪದ ಬಂತು. ಮೇಘಶ್ರೀ ವಿವರಿಸಿದಳು. ಎರಡು ಪ್ರಶ್ನೆ ಕೇಳಿ, "ಹಾಗೋ, ಇದು ನಮ್ಮ ಕಾಲಕ್ಕಿರಲಿಲ್ಲ, ಚೆನ್ನಾಗಿದೆ" ಅಂದರು. ಆರು, ಏಳು, ಎಂಟು ಸರಾಗವಾಗಿ ಹೋದವು. ಕೆಳಗೆ ಗಿರಣಿ ನಿಂತಿತು. ಹಳೇ ಶನಿವಾರಗಳು ಕೋಣೆಗೆ ವಾಪಸು ಬಂದು ಕೂತ ಹಾಗಿತ್ತು.

ಒಂಬತ್ತನೇ ಸಾಲು ಅರ್ಧ ಓದಿ ಜಯಶೀಲಾ ನಿಲ್ಲಿಸಿದಳು.

"ಯಾಕೆ? ಉಸಿರು ಸಾಲದಾ?"

"ಸಾರ್, ಇದು ಹಳೇ ನಂಬರ್ ಪಟ್ಟಿ ಅಳಿಸುತ್ತೆ. ಪುಸ್ತಕ ಅಲ್ಲದ್ದೆಲ್ಲ ಹೋಗುತ್ತೆ."

"ಹೂಂ. ನೂರ ಎಂಟು."

"ಅದು ಕೆಟ್ಟಿದೆ ಸಾರ್." ಈಗ ನಿಲ್ಲಿಸಿದರೆ ಮತ್ತೆ ಹೇಳಲಾರೆ ಎಂದು ಒಂದೇ ಉಸಿರಿಗೆ ಹೇಳಿದಳು. "ಡಿಸ್ಕು ಬದಲಾಯಿಸಿದಾಗ ನಿಮ್ಮ ಪ್ರೋಗ್ರಾಮ್ ಶುರು ಮಾಡೋದು ಬಿಟ್ಟೆ. ಯಾರೂ ಕೇಳಲ್ಲ ಅಂದ್ಕೊಂಡೆ. ಎರಡು ವರ್ಷದಿಂದ ಅದೇ ಹಳೇ ಅಂಕಿ ಹೇಳ್ತಾ ಇದೆ. ನೀವು ದಿನಾ ಕೇಳ್ತೀರಿ ಅಂತ ಇವತ್ತೇ ಗೊತ್ತಾಗಿದ್ದು."

ಬೈಗುಳಕ್ಕೆ ಕಾದಳು. ಬರಲಿಲ್ಲ.

"ಅಲ್ಲಮ್ಮ, ಮುನ್ನೂರ ಹನ್ನೊಂದು ದಿನ ಅಂತ ಹೇಳಿದ ಮಾರನೇ ದಿನ ಮುನ್ನೂರ ಹನ್ನೆರಡು ಅನ್ಬೇಕಲ್ವಾ? ಅನ್ಲಿಲ್ಲ. ಮೂರನೇ ದಿನಕ್ಕೆ ಗೊತ್ತಾಯ್ತು ನಂಗೆ. ಲೆಕ್ಕ ಬರ್ದೇ ಇರೋವಷ್ಟು ಕುರುಡನಲ್ಲ."

"ಮತ್ತೆ ಯಾಕೆ ಸಾರ್ ದಿನಾ..."

"ನಿಮ್ಮಪ್ಪ ದಿನಾ ಅದೇ ವಚನ ಹೇಳ್ತಿದ್ರು ಅಂದಿದ್ದೆ. ಅದ್ರಲ್ಲಿ ದಿನಾ ಹೊಸ ಸುದ್ದಿ ಇರ್ತಿತ್ತಾ? ಕೇಳ್ತಿರ್ಲಿಲ್ವಾ ನೀನು?"

ಜಯಶೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಮೇಘಶ್ರೀ ಸುಮ್ಮನೆ ಎದ್ದು ಹೋಗಿ ಕಿಟಕಿಯ ಹತ್ತಿರ ನಿಂತಳು.

"ಕೆಟ್ಟಿದೆ ಅಂತ ಒಂದು ಫೋನ್ ಮಾಡ್ಬಹುದಿತ್ತಲ್ಲ ಸಾರ್."

"ಮಾಡಿದ್ರೆ ನೀನು ಅರ್ಧ ಗಂಟೇಲಿ ಸರಿ ಮಾಡಿ 'ಆಯ್ತು ಸಾರ್' ಅಂತಿದ್ದೆ. ಆಮೇಲೆ? ಕರೆಸ್ಕೊಳ್ತೀನಿ ಅಂದಿದ್ದೆ ನೀನು. ಕಾದೆ."

ಹಿಂದಿನಿಂದ ಕೆಂಪಕ್ಕನ ದನಿ ಬಂತು. "ಇಬ್ರೂ ಒಂದೇ ಜಾತಿ, ಬಿಂಕದೋರು. ಬೆಳಿಗ್ಗೆ ಎದ್ದು ನಂಗೆ ನಿದ್ದೆಗೇಡು ಮಾಡ್ಕೊಂಡು ಕಣಜ, ಹೊರೆ ಅಂತ ಕೇಳ್ಸ್ಕೊಂಡು ಕೂರ್ತಾನೆ!"

ಕಿಟಕಿಯ ಹತ್ತಿರದಿಂದ ಮೇಘಶ್ರೀ ಮೆಲ್ಲಗೆ ಅಂದಳು, "ಮೇಡಂ, ಉಳಿಸ್ಬಹುದು. ಬೇರೆ ಫೈಲಲ್ಲಿ ಬರೆದಿಟ್ರೆ ಸಾಫ್ಟ್‌ವೇರು ಅದನ್ನ ಮುಟ್ಟಲ್ಲ. ಹತ್ತು ನಿಮಿಷದ ಕೆಲಸ."

ಜಯಶೀಲಾಳಿಗೆ ಜೀವ ಬಂತು. "ಕೇಳಿಸ್ತಾ ಸಾರ್? ಉಳಿಸೋಣ. ನಿಜವಾದ ಅಂಕಿ ಹೇಳೋ ಹಾಗೂ ಮಾಡ್ತೀನಿ. ಇವತ್ತೇ."

ಗೊಟ್ಟಿಗೆರೆಯ ಆ ಮನೆಯ ಮುಂದೆ ಒಂದು ಆಟೋ ಹಾದುಹೋದದ್ದು ಫೋನಲ್ಲೂ ಕೇಳಿಸಿತು.

"ಬೇಡ."

"ಯಾಕೆ ಸಾರ್?"

"ನೀನು ಮಾತಾಡದೇ ಇದ್ದಾಗ ಅದು ಬೇಕಿತ್ತು ಕಣಮ್ಮ."

ಉಗ್ರಪ್ಪನವರು ಗಂಟಲು ಸರಿಮಾಡಿಕೊಂಡರು. "ಸಾಲು ಅರ್ಧಕ್ಕೆ ನಿಲ್ಲಿಸ್ಬಾರ್ದು. ಓದು. ಈ ಸಲ ಅರ್ಥವೂ ನೀನೇ ಹೇಳು."

ಅವಳು ಪೂರ್ತಿ ಓದಿದಳು. ಆಮೇಲೆ ಅರ್ಥ ಹೇಳಿದಳು. "ಹಳೇ ಪಟ್ಟಿ ಹೋಗುತ್ತೆ. ಪುಸ್ತಕ ಎಲ್ಲ ಇದ್ದಲ್ಲೇ ಇರುತ್ತೆ. ನನ್ನ ದನಿ ತುಂಬಿದ ಕಡತಗಳೂ ಡಿಸ್ಕಲ್ಲೇ ಇರ್ತವೆ. ಅಲ್ಲಿಗೆ ಹೋಗೋ ದಾರಿ ಮಾತ್ರ ಇರಲ್ಲ."

"ಸರಿಯಾಗಿ ಹೇಳ್ದೆ. ಉಳಿದ ಎರಡು?"

ಅವೂ ಆದವು. ಮೇಘಶ್ರೀ ಬಂದು ಕೂತು, ಓಡಿಸುವ ಚಿಕ್ಕ ಸಾಲನ್ನು ತಾನೇ ಗಟ್ಟಿಯಾಗಿ ಓದಿ, "ಸೂಡೂ ಅಂದ್ರೆ ಯಜಮಾನರ ರುಜು, ಅಲ್ವಾ ಸಾರ್?" ಎಂದು ಕೇಳಿದಳು. ಆ ಕಡೆಯವರು ಗಟ್ಟಿಯಾಗಿ ನಕ್ಕರು. ಎಂಟರ್ ಒತ್ತಿದ್ದು ಜಯಶೀಲಾ. ಅಕ್ಷರಗಳು ಸುರಿದವು. ನೂರ ಎಂಟು ಎಲ್ಲಿ ಹೋಯಿತೆಂದು ಗುರುತಿಸುವ ಮೊದಲೇ ಅವು ಮೇಲಕ್ಕೆ ಸರಿದು ಹೋದವು.

ನಾಲ್ಕು ಹೊಡೆಯಲು ಎರಡು ನಿಮಿಷವಿತ್ತು. ಪರದೆಯಲ್ಲಿ ನಾಲ್ಕು ಹೆಸರು, ನಾಲ್ಕರ ಪಕ್ಕದಲ್ಲೂ ಒಂದೊಂದು ದುಂಡನೆ ಬಣ್ಣ.

"ಎಲ್ಲ ಗ್ರೀನ್ ಸಾರ್" ಅಂದಳು ಮೇಘಶ್ರೀ.

"ಯಾವ ಹಸಿರು?"

ಮೇಘಶ್ರೀ ತಬ್ಬಿಬ್ಬಾದಳು. ಜಯಶೀಲಾ ಕನ್ನಡಕ ಏರಿಸಿಕೊಂಡು ನೋಡಿದಳು. ಅವರು ಹತ್ತೊಂಬತ್ತು ವರ್ಷ ಕಂಡಿದ್ದ ಹಸಿರುಗಳಲ್ಲಿ ಇದು ಯಾವುದಿರಬಹುದು? "ಎಲೆ ಹಸಿರಲ್ಲ ಸಾರ್. ಗಾಜಿನ ಬಳೆ ಹಸಿರು."

"ಹಾಂ. ಗೊತ್ತಾಯ್ತು. ಕಣಜ ಎಷ್ಟು?"

"ನೂರಕ್ಕೆ ಎಪ್ಪತ್ತೊಂಬತ್ತು."

"ತುಂಬ್ತಾ ಬಂತಲ್ಲ! ಒಂದು ಡಿಸ್ಕು ಹೇಳಿಡು. ಹೊರೆ?"

"ಏನೂ ಇಲ್ಲ. ಯಾರೂ ಬಂದಿಲ್ಲ ಇನ್ನೂ."

ಮೇಘಶ್ರೀ ಫೋನ್ ಸೇವೆ ತೆರೆದಳು. ಪರದೆಯ ಮೂಲೆಯಲ್ಲಿ ಕೇಳುಗರ ಲೆಕ್ಕ ತೋರುವ ಸೊನ್ನೆ ಸ್ವಲ್ಪ ಹೊತ್ತು ಸೊನ್ನೆಯಾಗಿಯೇ ಇತ್ತು. ಆಮೇಲೆ ಬದಲಾಯಿತು.

"ಒಬ್ರು ಬಂದ್ರು ಸಾರ್. ನಲವತ್ತೊಂದನೇ ಪುಸ್ತಕ." ಅವಳ ಮಾತು ಮುಗಿಯುವ ಮೊದಲೇ ಅಂಕಿ ಮತ್ತೆ ಅಲ್ಲಾಡಿತು. "ಅಲ್ಲ, ಇಬ್ರು. ಇನ್ನೊಬ್ರು ಗಮಕ ತಗೊಂಡ್ರು. ಮೂವರು. ಕಣಜ ಹಾಗೇ ಇದೆ. ಹೊರೆ ಸೊನ್ನೆ ಬಿಂದು ಎರಡು, ಈಗ ಮೂರಾಯ್ತು..."

ಅವಳಿಗೇ ಗೊತ್ತಿಲ್ಲದೆ ಮಾತು ಎಳೆದು ಧಾಟಿಗೆ ಬಿದ್ದಿತ್ತು. ಈ ವಯಸ್ಸಿನ ದನಿ, ಅಲ್ಲಲ್ಲಿ ಒರಟು. ಅವರು ನಡುವೆ "ಹೂಂ, ಹೂಂ" ಅನ್ನುತ್ತಿದ್ದರು, ಪದ್ಯಕ್ಕೆ ಅನ್ನುವ ಹಾಗೆಯೇ.

"ಲೋ ಉಗ್ರ, ಕಾಫಿ ಆರ್ತಾ ಐತೆ!" ಎಂದು ಕೆಂಪಕ್ಕ ಕೂಗಿದ್ದು ಕೇಳಿಸಿತು.

"ತಡಿಯಕ್ಕ" ಅಂದರು ಉಗ್ರಪ್ಪ. "ಇನ್ನೂ ಓದ್ತಾವ್ಳೆ."